ಕಂಬದ ಮೇಲಿನ ಕಣ್ಣು, ಕೋಣೆಯೊಳಗಿನ ಪೆಟ್ಟಿಗೆ

ಕಳೆದ ಮಳೆಗಾಲದಲ್ಲಿ ನಮ್ಮ ನಾಲ್ಕು ತಾಲೂಕುಗಳ ಪೈಕಿ ಒಂದು ಪೇಟೆಯಲ್ಲಿ ಸಂತೆಯ ದಿವಸ ಕಾಯಿಪಲ್ಯ ಮಾರುವ ಒಬ್ಬ ಮುದುಕಿಯ ಹಣದ ಚೀಲ ಹೋಯಿತು. ಅದು ಬೈಲಹೊಂಗಲವೋ, ಕಿತ್ತೂರೋ, ಸವದತ್ತಿಯೋ, ರಾಮದುರ್ಗವೋ ಎಂಬುದನ್ನು ನಾನು ಹೇಳುವದಿಲ್ಲ. ಹೇಳಿದರೆ ಉಳಿದ ಮೂರು ಊರಿನವರು ತಮ್ಮದೆಲ್ಲ ಸರಿಯಾಗಿದೆಯೆಂದು ನಿಶ್ಚಿಂತರಾಗಿ ಕೂಡ್ರುತ್ತಾರೆ. ಚೀಲದಲ್ಲಿದ್ದದ್ದು ಮೂರು ದಿನದ ದುಡಿಮೆ ಮತ್ತು ಅಡತಿ ಅಂಗಡಿಗೆ ಕೊಡಬೇಕಾದ ಬಾಕಿ. ಅವಳು ಕುಳಿತ ಜಾಗದಿಂದ ಹತ್ತು ಮಾರು ದೂರದಲ್ಲಿ ಕಂಬ, ಕಂಬದ ಮೇಲೆ ಸಿ.ಸಿ. ಟಿ.ವಿ. ಕ್ಯಾಮರಾ. ಅದನ್ನು ಹಾಕಿಸಲು ಎರಡು ವರ್ಷದ ಹಿಂದೆ ಪೇಟೆಯವರೆಲ್ಲ ಪಟ್ಟಿ ಹಾಕಿ ಹಣ ಕೂಡಿಸಿದ್ದರು. ಈ ಮುದುಕಿಯೂ ಇಪ್ಪತ್ತು ರೂಪಾಯಿ ಕೊಟ್ಟಿದ್ದಳು. ಅವಳನ್ನು ಕರೆದುಕೊಂಡು ಹೋಗಿ ಕಂಬದ ಕೆಳಗೆ ನಿಂತು ನೋಡಿದೆ. ಯಾರೋ ಉದ್ದ ಕೋಲಿನಿಂದ ತಿವಿದು ಕ್ಯಾಮರಾದ ಮುಖವನ್ನು ಆಕಾಶಕ್ಕೆ ತಿರುಗಿಸಿದ್ದರು.

"ಮಾಸ್ತರ್ರ, ಅದು ಮ್ಯಾಲೆ ನೋಡಾಕತ್ತೈತ್ರಿ, ನನ್ನ ಬುಟ್ಟಿ ಕೆಳಗಿತ್ರಿ" ಎಂದಳು ಮುದುಕಿ.

ವಿಚಾರಿಸಿದಾಗ ಕ್ಯಾಮರಾ ಹೀಗೆ ಆಕಾಶ ನೋಡುತ್ತ ಎಷ್ಟು ತಿಂಗಳಾಯಿತೆಂಬುದು ಯಾರಿಗೂ ಗೊತ್ತಿರಲಿಲ್ಲ. ವ್ಯಾಪಾರಸ್ಥರ ಸಂಘದವರು ಪುರಸಭೆಯತ್ತ ಕೈ ಮಾಡಿದರು. ಪುರಸಭೆಯವರು ಠಾಣೆಯತ್ತ ಕೈ ಮಾಡಿದರು. ಠಾಣೆಯವರು, ಅದನ್ನು ಹಾಕಿಸಿದವರು ವ್ಯಾಪಾರಸ್ಥರಲ್ಲವೇ ಎಂದರು. ಹದಿನಾಲ್ಕು ಕ್ಯಾಮರಾಗಳ ಉದ್ಘಾಟನೆಗೆ ಬಂದು ಹಾರ ಹಾಕಿಸಿಕೊಂಡವರ ಹೆಸರು ಮಾತ್ರ ಕಲ್ಲಿನಲ್ಲಿ ಕೆತ್ತಿದ್ದು ಇನ್ನೂ ಇದೆ.

ಈ ಕ್ಯಾಮರಾಗಳನ್ನು ಪುಂಡರಿಂದ ರಕ್ಷಿಸುವದು ಹೇಗೆಂದು ಈಗ ಎಲ್ಲೆಡೆ ಮಾತು ನಡೆದಿದೆ. ಕಬ್ಬಿಣದ ಜಾಳಿಗೆ ಹಾಕಬೇಕು, ಕಲ್ಲು ಎಸೆದವನನ್ನು ಒಳಗೆ ಹಾಕಬೇಕು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಜಾಳಿಗೆ ಬೇಡವೆಂದು ನಾನು ಹೇಳುವದಿಲ್ಲ. ಆದರೆ ಕಂಬದ ಮೇಲಿರುವದು ಬರಿಯ ಕಣ್ಣು. ಆ ಕಣ್ಣು ಕಂಡದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುವದು ಎಲ್ಲಿಯೋ ಒಂದು ಕೋಣೆಯಲ್ಲಿ ಕುಳಿತ ಡಿ.ವಿ.ಆರ್. ಎಂಬ ಪೆಟ್ಟಿಗೆ. ಕಣ್ಣಿಗೆ ಪೆಟ್ಟು ಹಾಕುವವನು ಬೀದಿಯ ಪುಂಡ. ನೆನಪನ್ನು ಅಳಿಸುವವನು ಹೆಚ್ಚಾಗಿ ಬೀದಿಯವನಲ್ಲ. ನಾವು ಮೊದಲನೆಯವನ ಬಗ್ಗೆ ಮಾತ್ರ ಮಾತಾಡುತ್ತೇವೆ. ಎರಡನೆಯವನ ಸುದ್ದಿ ಬಂದಾಗ ಧ್ವನಿ ತಗ್ಗಿಸುತ್ತೇವೆ.

ಮೊದಲು ಕಂಬದ ಮಾತನ್ನೇ ಮುಗಿಸೋಣ. ನಾನು ಕಂಡಂತೆ ನಮ್ಮ ಕಡೆ ಕ್ಯಾಮರಾಗಳು ವೈರಿಗಳ ಕೈಯಿಂದ ಸಾಯುವದಕ್ಕಿಂತ ಹೆಚ್ಚಾಗಿ ಅನಾಥವಾಗಿ ಸಾಯುತ್ತವೆ. ಎರೆಮಣ್ಣಿನ ಧೂಳು, ಅರಳೆ ಗಿರಣಿಯ ಹತ್ತಿರ ಹಾರುವ ಎಳೆ, ಗಾಜಿಗೆ ಅಡ್ಡ ನೇಯ್ದ ಜೇಡರ ಬಲೆ, ತಂತಿ ಹಿಡಿದು ಜೋತಾಡುವ ಕೋತಿ. ಕಬ್ಬಿನ ಹಂಗಾಮಿನಲ್ಲಿ ಅಳತೆ ಮೀರಿ ಹೇರಿದ ಟ್ರ್ಯಾಕ್ಟರು ಕೆಳಗೆ ಜೋತುಬಿದ್ದ ತಂತಿಯನ್ನು ಕಿತ್ತುಕೊಂಡೇ ಹೋಗುತ್ತದೆ. ಚಾಲಕನಿಗೆ ಅದು ಗೊತ್ತೂ ಆಗುವದಿಲ್ಲ. ಆದ್ದರಿಂದ ತಂತಿ ಹೊರಗೆ ಕಾಣದಂತೆ ಜಿ.ಐ. ಪೈಪಿನೊಳಗೆ ಹೋಗಬೇಕು. ಕ್ಯಾಮರಾ ಹನ್ನೆರಡು ಅಡಿಗಿಂತ ಕೆಳಗೆ ಇರಬಾರದು. ಹಾಗೆಂದು ತೀರ ಎತ್ತರಕ್ಕೆ ಏರಿಸಿದರೆ ಕಳ್ಳನ ಮುಖದ ಬದಲು ಟೊಪ್ಪಿಗೆಯಷ್ಟೇ ಕಾಣುತ್ತದೆ. ಒಂದು ಕ್ಯಾಮರಾ ಇನ್ನೊಂದರ ಕಂಬವನ್ನು ನೋಡುವಂತೆ ನಿಲ್ಲಿಸಿದರೆ ಕೋಲು ಹಿಡಿದು ಬಂದವನು ಎರಡನೆಯದರಲ್ಲಿ ಸಿಕ್ಕಿಬೀಳುತ್ತಾನೆ. ಕೊಳ್ಳುವಾಗ ಮೇಲಿನ ಚಿಪ್ಪು "ಐಕೆ 10" ದರ್ಜೆಯದೋ ಎಂದು ಕೇಳಿ. ಐದು ಕಿಲೋ ತೂಕದ ವಸ್ತುವನ್ನು ನಾಲ್ವತ್ತು ಸೆಂಟಿಮೀಟರ್ ಮೇಲಿಂದ ಬಿಟ್ಟರೆ ಬೀಳುವ ಪೆಟ್ಟನ್ನು ತಡೆಯಬೇಕೆಂಬುದು ಆ ಅಂಕಿಯ ಅರ್ಥ. ಹುಡುಗರ ಕಲ್ಲಿಗೆ ಅಷ್ಟು ಸಾಕು. ಮಳೆ ಧೂಳಿಗೆ "ಐಪಿ 66" ಇರಲಿ. ಕರೆಂಟು ಹೋದಾಗ ಕುರುಡಾಗದಂತೆ ಒಂದು ಬ್ಯಾಟರಿ ಬೇಕು. ಹೆಸ್ಕಾಂನವರ ಸಮಯಕ್ಕೂ ಕಳ್ಳರ ಸಮಯಕ್ಕೂ ಹೊಂದಿಕೆ ಹೇಗಿದೆಯೆಂಬುದು ನಿಮಗೇ ಗೊತ್ತು. ಕೆಲವರು ಹಣ ಉಳಿಸಲು ಒಳಗೆ ಏನೂ ಇಲ್ಲದ ಸುಳ್ಳು ಕ್ಯಾಮರಾ ತೂಗುಹಾಕುತ್ತಾರೆ. ಹೊಲದ ಬೆರ್ಚಪ್ಪನಿಗೆ ಹಕ್ಕಿಗಳು ಎರಡು ದಿನ ಅಂಜುತ್ತವೆ, ಮೂರನೆಯ ದಿನ ಅದರ ತಲೆಯ ಮೇಲೆಯೇ ಕೂಡ್ರುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಕಬ್ಬಿಣವೊಂದರಿಂದಲೇ ಕ್ಯಾಮರಾ ಉಳಿಯುವದಾಗಿದ್ದರೆ ಲಂಡನ್ನಿನಲ್ಲಿ ಉಳಿಯಬೇಕಾಗಿತ್ತು. ಹೊಗೆಯುಗುಳುವ ಹಳೆಯ ವಾಹನಗಳಿಗೆ ದಿನಕ್ಕೆ ಹನ್ನೆರಡೂವರೆ ಪೌಂಡು ಶುಲ್ಕ ಹಾಕುವ ನಿಯಮವನ್ನು 2023ರ ಆಗಸ್ಟ 29ರಿಂದ ಆ ಇಡೀ ಶಹರಕ್ಕೆ ವಿಸ್ತರಿಸಿದಾಗ, ವಾಹನಗಳ ನಂಬರು ಹಿಡಿಯಲು ನಿಲ್ಲಿಸಿದ ನೂರಾರು ಕ್ಯಾಮರಾಗಳ ತಂತಿಗಳನ್ನು ಜನ ರಾತ್ರಿಯಲ್ಲಿ ಕತ್ತರಿಸಿದರು, ಗಾಜಿಗೆ ಬಣ್ಣ ಬಳಿದರು, ಕೆಲವನ್ನು ಕಿತ್ತುಕೊಂಡೇ ಹೋದರು. ಗಾಳಿ ಶುದ್ಧವಾಗಬೇಕೆಂಬ ಉದ್ದೇಶ ಕೆಟ್ಟದ್ದಲ್ಲ, ತಂತಿ ಕತ್ತರಿಸಿದವರನ್ನು ನಾನು ವೀರರೆಂದು ಕರೆಯುವವನೂ ಅಲ್ಲ. ಆದರೆ ಯಾವ ಕ್ಯಾಮರಾ ನಮ್ಮ ಜೇಬಿಗೆ ಕೈ ಹಾಕಲಿಕ್ಕೇ ನಿಂತಿದೆಯೆಂದು ಜನರಿಗೆ ಅನಿಸುವದೋ ಅದಕ್ಕೆ ಕಾವಲುಗಾರರು ಸಿಕ್ಕುವದಿಲ್ಲ. ನಮ್ಮೂರಿನಲ್ಲೂ ಹೀಗೆಯೇ. ಕೈಗಾಡಿಯವನನ್ನು ಎಬ್ಬಿಸಿ ದಂಡ ಹಾಕುವಾಗ ಕ್ಯಾಮರಾ ಚುರುಕಾಗಿ ಕೆಲಸ ಮಾಡುತ್ತದೆ. ಅದೇ ಕೈಗಾಡಿಯವನ ತಕ್ಕಡಿ ಕಳುವಾದ ದಿನ ಅದು ಆಕಾಶ ನೋಡುತ್ತದೆ. ಅಂಥ ಕ್ಯಾಮರಾವನ್ನು ಯಾರೋ ಕೋಲಿನಿಂದ ತಿವಿಯುವದನ್ನು ಕಂಡರೂ ಕೈಗಾಡಿಯವನು ಯಾಕೆ ಬಾಯಿ ಬಿಡಬೇಕು?

ಇನ್ನು ಪೆಟ್ಟಿಗೆಯ ವಿಚಾರ. 2024ರ ಅಕ್ಟೋಬರದಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಸ್ಟೇಟ್ ಬ್ಯಾಂಕಿನ ಶಾಖೆಗೆ ಕಳ್ಳರು ನುಗ್ಗಿ ಜನ ಒತ್ತೆಯಿಟ್ಟ ಹದಿನೇಳು ಕಿಲೋಕ್ಕೂ ಮಿಕ್ಕ ಬಂಗಾರ ಒಯ್ದರು. ಹೋಗುವಾಗ ನೆಲದ ತುಂಬ ಖಾರಪುಡಿ ಚೆಲ್ಲಿದರು, ಕ್ಯಾಮರಾಗಳನ್ನು ಇದ್ದಲ್ಲಿಯೇ ಬಿಟ್ಟು ಅವುಗಳ ಡಿ.ವಿ.ಆರ್. ಪೆಟ್ಟಿಗೆಯನ್ನು ಬಂಗಾರದ ಸಂಗಡ ಹೊತ್ತುಕೊಂಡು ಹೋದರು. ಐದು ತಿಂಗಳ ಮೇಲೆ ಮದುರೆ ಜಿಲ್ಲೆಯ ಉಸಿಲಂಪಟ್ಟಿಯ ಕಡೆ ಒಂದು ಬಾವಿಯಲ್ಲಿ ಬಂಗಾರ ಸಿಕ್ಕಿತು. ಹಿಡಿದವರು ಪೋಲೀಸರ ಪರಿಶ್ರಮದವರು, ಕ್ಯಾಮರಾವಲ್ಲ. ಒಳ್ಳೆಯ ಕಳ್ಳನಿಗೆ ಕಂಬ ಹತ್ತುವ ಅವಶ್ಯಕತೆಯೇ ಇಲ್ಲ. ಮೇಜಿನ ಮೇಲೆ, ಗಲ್ಲೆಯ ಪಕ್ಕದಲ್ಲಿ, ದೇವರ ಫೋಟೋದ ಕೆಳಗೆ ಕೆಂಪು ಹಸಿರು ದೀಪ ಮಿನುಗಿಸುತ್ತ ಕುಳಿತ ಪೆಟ್ಟಿಗೆಯನ್ನು ಅವನು ಒಯ್ದರೆ ಮುಗಿಯಿತು.

ಸಣ್ಣ ವ್ಯಾಪಾರಿ ಬಂಧುಗಳೇ, ನಿಮ್ಮ ಪೆಟ್ಟಿಗೆ ಎಲ್ಲಿದೆ? ಅಂಗಡಿಯಲ್ಲಿಯೇ ಇಡುವದಾದರೆ ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ, ಹಣ ಇಡುವ ಜಾಗದಿಂದ ದೂರ ಇಡಿ. ಓಣಿಯ ನಾಲ್ಕು ಅಂಗಡಿಯವರು ಕೂಡಿದರೆ ಒಬ್ಬರ ಕ್ಯಾಮರಾದ ನೆನಪು ಇನ್ನೊಬ್ಬರ ಮಾಳಿಗೆಯಲ್ಲಿ ಇರುವಂತೆ ತಂತಿ ಎಳೆಯಬಹುದು. ಕ್ಯಾಮರಾದೊಳಗೇ ಒಂದು ಸಣ್ಣ ಮೆಮರಿ ಕಾರ್ಡು ಹಾಕಿಸಿದರೆ ಪೆಟ್ಟಿಗೆ ಹೋದರೂ ಕೆಲವು ದಿನದ್ದು ಉಳಿಯುತ್ತದೆ. ಪೆಟ್ಟಿಗೆ ಕೊಂಡಾಗ ಅಂಗಡಿಯವನು ಹಾಕಿಕೊಟ್ಟ ಪಾಸ್‌ವರ್ಡ್ ಅಂದೇ ಬದಲಾಯಿಸಿ. ಗುಜರಾತದ ರಾಜಕೋಟದ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮರಾದಿಂದ ಹೆಣ್ಣುಮಕ್ಕಳ ತಪಾಸಣೆಯ ಚಿತ್ರಗಳನ್ನು ಕದ್ದು ಮಾರಿದ್ದು 2025ರ ಫೆಬ್ರುವರಿಯಲ್ಲಿ ಬಯಲಾಯಿತು. ಅಲ್ಲಿ ಕಳ್ಳರು ಗೋಡೆ ಒಡೆಯಲಿಲ್ಲ, ತಂತಿ ಮುಟ್ಟಲಿಲ್ಲ. ಯಾರೂ ಬದಲಾಯಿಸದೆ ಬಿಟ್ಟಿದ್ದ ಸುಲಭದ ಪಾಸ್‌ವರ್ಡೇ ಅವರಿಗೆ ಕೀಲಿಕೈಯಾಯಿತೆಂದು ತನಿಖೆಯಲ್ಲಿ ತಿಳಿದುಬಂತು. ಕ್ಯಾಮರಾದ ಮುಖ ಎದುರು ಮನೆಯ ಕಿಟಕಿಗೋ ಬಚ್ಚಲಿಗೋ ತಿರುಗಿದ್ದರೆ ಇಂದೇ ತಿರುಗಿಸಿ. ಆ ಮನೆಯವನು ಕಲ್ಲೆಸೆದರೆ ಅವನನ್ನು ಪುಂಡನೆನ್ನಲು ನನಗೆ ಬಾಯಿ ಬರುವದಿಲ್ಲ.

ಇದು ಹೊರಗಿನ ಕಳ್ಳನ ಮಾತಾಯಿತು. ಒಳಗಿನ ಕೈ ಬೇರೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಕೆನರಾ ಬ್ಯಾಂಕಿನಿಂದ ಸುಮಾರು ಐವತ್ತೊಂಬತ್ತು ಕಿಲೋ ಬಂಗಾರ ಹೋದಾಗ ಪೋಲೀಸರು ಬಂಧಿಸಿದವರಲ್ಲಿ ಅದೇ ಶಾಖೆಯ ಹಿಂದಿನ ವ್ಯವಸ್ಥಾಪಕನೇ ಇದ್ದ. ಅಧಿಕಾರದಲ್ಲಿದ್ದಾಗಲೇ ನಕಲಿ ಕೀಲಿಕೈ ಮಾಡಿಸಿಕೊಂಡನೆಂಬುದು ಅವನ ಮೇಲಿನ ಆರೋಪ. ಒಬ್ಬನ ಕೈಯಲ್ಲಿರುವ ಕೀಲಿ ಎಷ್ಟು ಗಟ್ಟಿಯಾಗಿದ್ದರೇನು?

ಕಾಮಗಾರ ಬಂಧುಗಳಿಗೆ ಇದು ಇನ್ನೂ ಹತ್ತಿರದ ಮಾತು. ನಾನು ಕಣ್ಣಾರೆ ಕಂಡ ಒಂದು ಗಿರಣಿಯಲ್ಲಿ ಯಂತ್ರಕ್ಕೆ ಕೈ ಸಿಕ್ಕು ಒಬ್ಬ ಹುಡುಗನ ಎರಡು ಬೆರಳು ಹೋದವು. ಯಂತ್ರದ ಮೇಲಿನ ಮುಚ್ಚಳ ತೆಗೆದಿಟ್ಟಿದ್ದರೆಂದು ಸಂಗಡಿಗರು ಹೇಳಿದರು. ಹುಡುಗನೇ ಅಲಕ್ಷ್ಯ ಮಾಡಿದನೆಂದು ಮಾಲಕರು ಹೇಳಿದರು. ಯಂತ್ರದ ನೇರ ಮೇಲೆ ಕ್ಯಾಮರಾ ಇತ್ತು. ಬೀಡಿ ಸೇದಲು ಎರಡು ನಿಮಿಷ ಹೊರಗೆ ನಿಂತವನ ಅರ್ಧ ದಿನದ ಪಗಾರ ಕತ್ತರಿಸಲು ಅದೇ ಕ್ಯಾಮರಾದ ಚಿತ್ರ ತೆಗೆದು ತೋರಿಸಿದ್ದನ್ನು ಎಲ್ಲರೂ ಬಲ್ಲರು. ಹುಡುಗ ಆಸ್ಪತ್ರೆಯಿಂದ ಬಂದು, ಪರಿಹಾರದ ಅರ್ಜಿ ಬರೆಸಿ, ನಾವು ಚಿತ್ರ ಕೇಳುವ ಹೊತ್ತಿಗೆ ಒಂದು ತಿಂಗಳು ದಾಟಿತ್ತು. ಹಳೆಯದು ತಾನಾಗಿಯೇ ಅಳಿಸಿಹೋಗಿದೆ ಎಂಬ ಉತ್ತರ ಬಂತು. ಸುಳ್ಳೆಂದು ಹೇಳುವ ಹಾಗಿಲ್ಲ. ಯಾಕೆಂದರೆ ಪೆಟ್ಟಿಗೆಯ ಧರ್ಮವೇ ಅದು.

ಶಾಲೆ ಬಿಟ್ಟು ಬಂದರೂ ಲೆಕ್ಕ ಬಿಟ್ಟಿಲ್ಲ, ಒಂದು ಲೆಕ್ಕ ಮಾಡೋಣ. ಒಂದು ಸಾಧಾರಣ ಕ್ಯಾಮರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆಯುತ್ತದೆಂದು ಹಿಡಿಯಿರಿ. ದಿನಕ್ಕೆ 86,400 ಸೆಕೆಂಡು. ಒಟ್ಟು ಸುಮಾರು 21.6 ಗಿಗಾಬೈಟ್ ಆಯಿತು. ನಾಲ್ಕು ಕ್ಯಾಮರಾಗಳಿಗೆ 86. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್ ಇದ್ದರೆ ಹನ್ನೆರಡನೆಯ ದಿನ ಅದು ತುಂಬಿ, ಮೊದಲನೆಯ ದಿನದ್ದರ ಮೇಲೆಯೇ ಹೊಸದನ್ನು ಬರೆಯತೊಡಗುತ್ತದೆ. ನಮ್ಮ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಅಧಿನಿಯಮವು ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮರಾ ಹಾಕಬೇಕು, ಮೂವತ್ತು ದಿನದ ಚಿತ್ರ ಕಾಯ್ದಿಡಬೇಕು ಎನ್ನುತ್ತದೆ. ಮೂವತ್ತು ದಿನಕ್ಕೆ ಎರಡೂವರೆ ಟೆರಾಬೈಟಿಗಿಂತ ಹೆಚ್ಚು ಜಾಗ ಬೇಕು. ಕಡಿಮೆ ಬೆಲೆಯ ಸಣ್ಣ ಡಿಸ್ಕ್ ಹಾಕಿದವನು ಯಾವ ಕಲ್ಲನ್ನೂ ಎಸೆಯದೆ, ಯಾವ ತಂತಿಯನ್ನೂ ಕತ್ತರಿಸದೆ ಹದಿನೆಂಟು ದಿನದ ಸಾಕ್ಷ್ಯವನ್ನು ನುಂಗಿ ಕುಳಿತಿರುತ್ತಾನೆ. ಆದ್ದರಿಂದ ಗಿರಣಿಯಲ್ಲಿ ಅಪಘಾತವಾದರೆ ಆಸ್ಪತ್ರೆಗೆ ಒಬ್ಬ ಓಡಲಿ, ಇನ್ನೊಬ್ಬ ಅದೇ ದಿನ ಕಾಗದ ತೆಗೆದುಕೊಂಡು ಕೂಡ್ರಲಿ. ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯವರೆಗಿನ, ಇಂಥ ಯಂತ್ರದ ಮೇಲಿನ ಕ್ಯಾಮರಾದ ಚಿತ್ರವನ್ನು ಅಳಿಸದೆ ಕಾಯ್ದಿಡಬೇಕೆಂದು ಬರೆದು ಮಾಲಕರಿಗೆ ಕೊಟ್ಟು, ಒಂದು ಪ್ರತಿಗೆ ಸಹಿ ತೆಗೆದುಕೊಳ್ಳಲಿ. ಸಹಿ ಮಾಡದಿದ್ದರೆ ರಜಿಸ್ಟರ್ ಅಂಚೆಯಲ್ಲಿ ಹಾಕಲಿ. ಆ ಕಾಗದ ತಲುಪಿದ ಮೇಲೆ ತಾನಾಗಿ ಅಳಿಯಿತೆಂಬ ಮಾತು ಹೇಳುವದು ಅಷ್ಟು ಸುಲಭವಲ್ಲ. ಸಾಕ್ಷ್ಯವಾಗಬಹುದಾದ ದಾಖಲೆಯನ್ನು ಬೇಕೆಂದೇ ನಾಶಮಾಡುವದು ಅಪರಾಧ. ಕಾಗದಕ್ಕೆ ಹೇಗೋ ಕಂಪ್ಯೂಟರಿನ ದಾಖಲೆಗೂ ಹಾಗೆಯೇ.

ಸಣ್ಣ ವ್ಯಾಪಾರಿಗಳು ಎಂದೂ ಮರೆಯಬಾರದ ಒಂದು ಘಟನೆಯಿದೆ. 2020ರ ಜೂನದಲ್ಲಿ, ಕೊರೋನಾದ ಲಾಕ್‌ಡೌನ್ ಕಾಲದಲ್ಲಿ, ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಸಾತ್ತಾನಕುಳಮ್ ಎಂಬ ಊರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ತಂದೆ ಮಗನನ್ನು, ವೇಳೆ ಮೀರಿ ಅಂಗಡಿ ತೆರೆದಿಟ್ಟರೆಂಬ ಆರೋಪದ ಮೇಲೆ ಠಾಣೆಗೆ ಒಯ್ದರು. ಇಬ್ಬರೂ ಬದುಕಿ ಮನೆಗೆ ಬರಲಿಲ್ಲ. ವಿಚಾರಣೆಗೆ ಹೋದ ನ್ಯಾಯದಂಡಾಧಿಕಾರಿಗಳು ಆ ರಾತ್ರಿಯ ಚಿತ್ರ ಕೇಳಿದರು. ಠಾಣೆಯಲ್ಲಿ ಕ್ಯಾಮರಾಗಳಿದ್ದವು, ಒಂದು ಟೆರಾಬೈಟಿನ ಡಿಸ್ಕ್ ಇತ್ತು, ಬರೆಯಲು ಜಾಗಕ್ಕೆ ಕೊರತೆಯಿರಲಿಲ್ಲ. ಆದರೂ ಪ್ರತಿದಿನದ ಚಿತ್ರ ತಾನಾಗಿ ಅಳಿಸಿಹೋಗುವಂತೆ ಯಂತ್ರವನ್ನು ಹೊಂದಿಸಿ ಇಟ್ಟಿದ್ದರೆಂದು ಅವರು ಹೈಕೋರ್ಟಿಗೆ ವರದಿ ಕೊಟ್ಟರು. ಆ ಕ್ಯಾಮರಾದ ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅದೇ ವರ್ಷದ ಡಿಸೆಂಬರ 2ರಂದು ಸುಪ್ರೀಂ ಕೋರ್ಟು ದೇಶದ ಪ್ರತಿಯೊಂದು ಪೋಲೀಸ ಠಾಣೆಯಲ್ಲಿ ಬಾಗಿಲು, ಲಾಕಪ್ಪು, ಓಣಿಕೋಣೆ ಎಲ್ಲವೂ ಕಾಣುವಂತೆ ಕ್ಯಾಮರಾ ಹಾಕಬೇಕು, ಮಾತೂ ಕೇಳಬೇಕು, ಕತ್ತಲಲ್ಲೂ ಕಾಣಬೇಕು, ಹದಿನೆಂಟು ತಿಂಗಳ ಚಿತ್ರ ಉಳಿಯಬೇಕು ಎಂದು ಆಜ್ಞೆ ಮಾಡಿತು. ಉಸ್ತುವಾರಿಗೆ ಜಿಲ್ಲೆಗೊಂದು ಸಮಿತಿ, ಅದರಲ್ಲಿ ಜಿಲ್ಲಾಧಿಕಾರಿ, ಪೋಲೀಸ ಸುಪರಿಂಟೆಂಡೆಂಟರ ಜೊತೆಗೆ ಜನರಿಂದ ಆರಿಸಿಬಂದವರೂ ಇರಬೇಕೆಂದು ಹೇಳಿತು. ಐದು ವರ್ಷ ಕಳೆಯುತ್ತ ಬಂದ ಮೇಲೆ, 2025ರ ಸಪ್ಟೆಂಬರದಲ್ಲಿ, ಠಾಣೆಗಳಲ್ಲಿ ನಡೆಯುವ ಕ್ಯಾಮರಾಗಳಿಲ್ಲವೆಂಬ ಪತ್ರಿಕಾ ವರದಿ ಓದಿ ಅದೇ ಕೋರ್ಟು ತಾನಾಗಿ ಮತ್ತೆ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು. ಕಲ್ಲೆಸೆಯುವ ಹುಡುಗನನ್ನು ಹಿಡಿಯಲು ಒಂದು ದಿನ ಸಾಕು. ಇವರನ್ನು ಹಿಡಿಯಲು ಐದು ವರ್ಷ ಸಾಲಲಿಲ್ಲ.

ಹಾಗಾದರೆ ಕ್ಯಾಮರಾ ಬೇಡವೇ? ನಮ್ಮವರಲ್ಲಿ ಕೆಲವರು ಹಾಗೆಯೇ ವಾದಿಸುತ್ತಾರೆ, ಅದು ಬಲ್ಲಿದರ ಕಣ್ಣು, ಒಡೆದರೆ ಒಡೆಯಲಿ ಎಂದು. ನಾನು ಒಪ್ಪುವದಿಲ್ಲ. 2024ರ ಜನೇವರಿ 30ರಂದು ಚಂಡೀಗಡದ ಮೇಯರ ಚುನಾವಣೆಯಲ್ಲಿ ಮತಪತ್ರಗಳ ಮೇಲೆ ಗೀಚಿ ಎಂಟು ಮತಗಳನ್ನು ಕುಲಗೆಡಿಸಿದ ಅಧಿಕಾರಿಯನ್ನು ಹಿಡಿದುಕೊಟ್ಟದ್ದು ತಲೆಯ ಮೇಲಿದ್ದ ಕ್ಯಾಮರಾ. ಆ ಚಿತ್ರ ಉಳಿದಿದ್ದರಿಂದ ಮೂರು ವಾರದಲ್ಲಿ ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಿರುಗಿಸಿತು. ಬಡವನಿಗೆ ಸಾಕ್ಷಿ ಹೇಳುವವರು ಕಡಿಮೆ. ನೆರೆಯವನು ಅಂಜುತ್ತಾನೆ, ಸಂಗಡಿಗ ಕೆಲಸ ಹೋದೀತೆಂದು ಹಿಂಜರಿಯುತ್ತಾನೆ. ಕಂಬದ ಮೇಲಿನ ಕ್ಯಾಮರಾಕ್ಕೆ ಹೆಂಡತಿ ಮಕ್ಕಳಿಲ್ಲ, ಬಾಕಿ ಸಾಲವಿಲ್ಲ. ಅಂಥ ಸಾಕ್ಷಿಯನ್ನು ನಾವು ಒಡೆಯುವದೇಕೆ? ಅದನ್ನು ಬಲ್ಲಿದರ ಕೋಣೆಯಿಂದ ನಮ್ಮೆಲ್ಲರ ನಡುವೆ ತಂದು ಕೂಡ್ರಿಸಬೇಕು.

ಕಿತ್ತೂರಿನವರಿಗೆ ಕೀಲಿಕೈಯ ಮಾತನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. 1824ರಲ್ಲಿ ಧಾರವಾಡದ ಕಲೆಕ್ಟರ ಥ್ಯಾಕರೆ ಸಾಹೇಬ ಖಜಾನೆಯ ರಕ್ಷಣೆಯ ಹೆಸರಿನಲ್ಲಿಯೇ ಅಲ್ಲಿ ಕಂಪನಿಯ ಮುದ್ರೆ ಒತ್ತಿ, ತನ್ನ ಕಾವಲು ಕೂಡ್ರಿಸಿದ್ದ. ರಕ್ಷಣೆ ಯಾರಿಗಾಗಿ ಎಂದು ಚನ್ನಮ್ಮರಾಣಿ ಕೇಳಿದಳು. ಅಕ್ಟೋಬರ 23ರಂದು ಏನಾಯಿತೆಂಬುದನ್ನು ಪ್ರತಿವರ್ಷ ಉತ್ಸವದಲ್ಲಿ ನಾಟಕ ಆಡಿ ತೋರಿಸುತ್ತೇವೆ.

ನನ್ನ ಸೂಚನೆ ದೊಡ್ಡದೇನಲ್ಲ. ಶಾಲೆಯಲ್ಲಿ ಹಾಜರಿ ಪುಸ್ತಕ ಇರುವಂತೆ ಪೇಟೆಯ ಕ್ಯಾಮರಾಗಳಿಗೂ ಒಂದು ಹಾಜರಿ ಪುಸ್ತಕ ಇರಲಿ. ದಿನಾಲು ಬೆಳಿಗ್ಗೆ ಒಬ್ಬರು ಪರದೆ ನೋಡಿ, ಒಂದನೆಯದು ಹಾಜರು, ಎರಡನೆಯದು ಗೈರು ಎಂದು ಬರೆದು ಸಹಿ ಹಾಕಲಿ. ಪುಸ್ತಕವನ್ನು ಯಾರು ಕೇಳಿದರೂ ತೋರಿಸಬೇಕು. ಗೈರು ಎಂದು ಬರೆದ ಮೂರು ದಿನದೊಳಗೆ ರಿಪೇರಿಯಾಗಬೇಕು. ಪೆಟ್ಟಿಗೆಯ ಕೋಣೆಗೆ ಎರಡು ಕೀಲಿ ಇರಲಿ, ಒಂದು ಪುರಸಭೆಯವರಲ್ಲಿ, ಇನ್ನೊಂದು ಪೇಟೆಯವರು ಆರಿಸಿದ ಸಮಿತಿಯಲ್ಲಿ. ಸಮಿತಿಯೆಂದರೆ ದೊಡ್ಡ ಅಂಗಡಿಯವರದಷ್ಟೇ ಅಲ್ಲ. ಕೈಗಾಡಿಯವರು, ಹಮಾಲರು, ಗಿರಣಿಯ ಕಾಮಗಾರರು, ರಾಮದುರ್ಗದಲ್ಲಾದರೆ ಮಗ್ಗದವರು, ಸವದತ್ತಿಯಲ್ಲಾದರೆ ಗುಡ್ಡದ ಜಾತ್ರೆಯಲ್ಲಿ ಅಂಗಡಿ ಹಾಕುವವರು, ಮತ್ತು ಎಲ್ಲ ಕಡೆಯೂ ಹೆಣ್ಣುಮಕ್ಕಳು. ಯಾರು ಬಂದು ಯಾವ ದಿನದ ಚಿತ್ರ ನೋಡಿದರು, ಯಾರು ಪ್ರತಿ ಒಯ್ದರು ಎಂಬುದು ಇನ್ನೊಂದು ಪುಸ್ತಕದಲ್ಲಿ ಬರಲಿ. ಫೌಜದಾರರೇ ಬಂದರೂ ಸಹಿ ಹಾಕಿ ಒಯ್ಯಲಿ. ಕಳುವಾದವನು ಬಡವನಾದರೂ ಶ್ರೀಮಂತನಾದರೂ ಎರಡು ದಿನದೊಳಗೆ ಚಿತ್ರ ನೋಡಲು ಸಿಗಬೇಕು. ಇದಕ್ಕೆ ಕಾನೂನು ತಿದ್ದಬೇಕಾಗಿಲ್ಲ, ಪುರಸಭೆಯ ಒಂದು ಠರಾವು ಸಾಕು.

ಠಾಣೆಗಳ ವಿಷಯದಲ್ಲಿ ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಇದೆ. ನಮ್ಮ ತಾಲೂಕಿನ ಠಾಣೆಯಲ್ಲಿ ಎಷ್ಟು ಕ್ಯಾಮರಾ, ಎಷ್ಟು ನಡೆಯುತ್ತಿವೆ, ಎಷ್ಟು ದಿನದ ಚಿತ್ರ ಉಳಿಯುತ್ತದೆ, ಜಿಲ್ಲಾ ಸಮಿತಿಯು ಕೊನೆಯ ಸಲ ಸಭೆ ಸೇರಿದ್ದು ಯಾವಾಗ. ಈ ನಾಲ್ಕು ಪ್ರಶ್ನೆಗಳನ್ನು ನಾಲ್ಕೂ ಊರಿನಿಂದ ಒಬ್ಬೊಬ್ಬರು ಕೇಳಿದರೆ ಖರ್ಚು ನಾಲ್ವತ್ತು ರೂಪಾಯಿ. ಬಂದ ಉತ್ತರಗಳನ್ನು ಈ ಪತ್ರಿಕೆಗೆ ಕಳಿಸಿರಿ.

ಮೊನ್ನೆ ಆ ಪೇಟೆಗೆ ಮತ್ತೆ ಹೋಗಿದ್ದೆ. ಯಾರೋ ಪುಣ್ಯವಂತರು ನಿಚ್ಚಣಿಕೆ ಹಾಕಿ ಕ್ಯಾಮರಾವನ್ನು ಕೆಳಮುಖ ಮಾಡಿದ್ದಾರೆ, ಗಾಜನ್ನೂ ಒರೆಸಿದ್ದಾರೆ. ಮುದುಕಿ ತನ್ನ ಬುಟ್ಟಿಯನ್ನು ಅದರ ನೇರಕ್ಕೆ ಸರಿಸಿಕೊಂಡು ಕುಳಿತಿದ್ದಳು. ಪೆಟ್ಟಿಗೆಯ ಕೀಲಿಕೈ ಯಾರ ಹತ್ತಿರ ಇದೆಯೆಂದು ಮೂವರನ್ನು ಕೇಳಿದೆ. ಮೂವರೂ ಬೇರೆ ಬೇರೆ ಹೆಸರು ಹೇಳಿದರು.